ಮನೆತನದ ಸೀಟು

ಬಂಗಲೆಗಳ ಬಡಾವಣೆಯ ಶಾಲೆಯಲ್ಲಿ ಮತದಾನ ನಡೆದಿತ್ತು. ಪಾಳಿ ಮುಗಿಸಿ ಬಂದು ಸಾಲಿನಲ್ಲಿ ನಿಂತಿದ್ದ ನರ್ಸಿಗೆ ಕಾಲು ಸೋತಿದ್ದವು. ಕಿವಿ ಮಾತ್ರ ಚುರುಕಾಗಿದ್ದವು. ಅವಳ ಮುಂದಿದ್ದವರು ಮಾಜಿ ಎಂಪಿಯ ಹೆಂಡತಿ ಮತ್ತು ಅವರ ನಾದಿನಿ. ಈ ಸಲದ ಅಭ್ಯರ್ಥಿ ಆ ದಂಪತಿಯ ಮಗ.

“ನಮ್ಮಪ್ಪ ಗೆದ್ರು, ಅಣ್ಣ ಗೆದ್ದ. ನಿಮ್ಮ ಮಗನೂ ಗೆದ್ದ ಹಾಗೇ, ಅತ್ತಿಗೆ.”

“ಗೆಲ್ಲದೆ ಏನು? ಇಲ್ಲಿ ನಮ್ಮ ಪಕ್ಷದಿಂದ ಲೈಟುಕಂಬ ನಿಂತ್ರೂ ಗೆಲ್ಲುತ್ತಂತೆ.”

“ಅದು ಆಗದವರು ಹೇಳೋ ಮಾತು.”

“ಆ ಕಂಬದ ಜೊತೆ ಸಂಸಾರ ಮಾಡಿದವಳು ನಾನು ಕಣೆ. ನಿಮ್ಮಣ್ಣ ಸಂಸತ್ತಲ್ಲಿ ಬಾಯಿ ತೆಗೆದಿದ್ದು ಆಕಳಿಸೋಕೆ ಮಾತ್ರ.”

ನರ್ಸು ಕೆಮ್ಮಿ ನಗು ನುಂಗಿದಳು.

“ಅಯ್ಯೋ, ಮೆಲ್ಲಗೆ! ಮಗನಾದ್ರೂ ಚುರುಕು.”

“ಚುರುಕೇ. ಊಟಕ್ಕೆ ಕರೆದ್ರೆ ಓಡಿ ಬರ್ತಾನೆ. ನಲವತ್ತು ದಾಟಿತು, ಒಂದು ದಿನ ದುಡಿದಿಲ್ಲ. ಸೋತ್ರೆ ಕೆಲಸನಾದ್ರೂ ಹುಡುಕ್ತಾನೆ. ನನ್ನ ವೋಟು ಆ ಟೀಚರಮ್ಮನಿಗೆ.”

“ಎದುರು ನಿಂತವಳಿಗಾ? ಅವನು ಸೋತ್ರೆ ಮನೆ ಮಾನ ಹೋಗುತ್ತೆ, ಅತ್ತಿಗೆ!”

“ಗೆದ್ದು ಮೈಕ್ ಮುಂದೆ ಮಾತಾಡಿದ್ರೆ ಉಳಿಯುತ್ತಾ?”

ಅಧಿಕಾರಿ ಕರೆದರು. ಅತ್ತಿಗೆ ಕನ್ನಡಕ ಸರಿಮಾಡಿಕೊಂಡು ಒಳಗೆ ನಡೆದರು. ಯಾರಾದರೂ ಕೇಳಿಸಿಕೊಂಡರೇನೋ ಎಂದು ನಾದಿನಿ ಗಾಬರಿಯಿಂದ ಹಿಂದೆ ತಿರುಗಿದರು. ನರ್ಸು ಆಗಲೇ ಸೂರು ನೋಡುತ್ತ ನಿಂತಿದ್ದಳು.

“ಸದ್ಯ,” ಎಂದು ಗೊಣಗಿ ನಾದಿನಿಯೂ ಒಳಗೆ ಹೋದರು.