ಹಿಂದ ಬರಾಕತ್ಯಾನವ್ವ

ಗಂಗಾವತಿಯಿಂದ ಕಾರಟಗಿಗೆ ಹೆದ್ದಾರಿ ಬಿಟ್ಟು ಕಾಲುವೆಯ ಏರಿಯ ಮೇಲೇ ಸೈಕಲ್ ತುಳಿದುಕೊಂಡು ಹೋಗಬಹುದೆಂದು ಯಾರೋ ಹೇಳಿದ್ದರು. ಒಂದು ಕಡೆ ತುಂಬಿ ಹರಿಯುವ ನೀರು, ಇನ್ನೊಂದು ಕಡೆ ಕಣ್ಣು ಹಾಯುವವರೆಗೂ ಭತ್ತದ ಗದ್ದೆ, ಬದುಗಳ ಮೇಲೆ ಕೊಕ್ಕರೆಗಳು. ಶ್ರಾವಣದ ಒಂದು ಭಾನುವಾರ ನಾವು ನಾಲ್ವರು ಗೆಳೆಯರು ಹೊರಟೆವು. ಸಿದ್ದಾಪುರದ ಹತ್ತಿರ ಬರುವಷ್ಟರಲ್ಲಿ ಮಳೆ ಹಿಡಿಯಿತು. ಏರಿ ಇಳಿದು, ಹೆದ್ದಾರಿ ಬದಿಯಲ್ಲಿದ್ದ ಬಾಷಾಬಿಯ ಚಹಾದಂಗಡಿಯ ತಗಡಿನ ಚಪ್ಪರದಡಿ ನುಗ್ಗಿದೆವು. ಮಧ್ಯಾಹ್ನ ಮೂರಕ್ಕೇ ಕತ್ತಲಾದಂತಿತ್ತು.

ಅಲ್ಲಿ ಕಂಬಳಿ ಹೊದ್ದು ಕೂತಿದ್ದ ಮುದುಕನೊಬ್ಬ ನಮ್ಮ ಸೈಕಲ್ಲುಗಳನ್ನೇ ನೋಡುತ್ತಿದ್ದ. ಹೆಸರು ಹುಸೇನಪ್ಪ, ಮೂವತ್ತು ವರ್ಷ ಕಾಲುವೆಯ ತೂಬು ಕಾದವನು ಎಂದು ಬಾಷಾಬಿ ಹೇಳಿದಳು. ಮಳೆ ನಿಂತ ಮೇಲೆ ಏರಿ ಹಿಡಿದೇ ಮುಂದೆ ಹೋಗುತ್ತೇವೆ ಎಂದಾಗ ಆತ ಕೈಯಲ್ಲಿದ್ದ ಲೋಟ ಕೆಳಗಿಟ್ಟ.

“ಏರಿ ಮ್ಯಾಲ ಬ್ಯಾಡ್ರಿ. ಕುಂದರ್ರಿ, ಹೆಂಗೂ ಮಳಿ ಬಿಡೂದಿಲ್ಲ... ಏಳು ವರ್ಷ ಆತ್ರಿ. ಗಂಗಾವತ್ಯಾಗ ರಾಮಾಂಜನೇಯ ಅಂತ ಒಬ್ಬ ಮಾಸ್ತರ ಇದ್ದ, ಅವನ ಹೇಣ್ತಿ ಸುಮಂಗಲಾ. ಮದಿವಿ ಆಗಿ ಒಂದು ವರ್ಷ ಆಗಿತ್ತೋ ಇಲ್ಲೋ. ಪ್ರತಿ ಐತವಾರ ಇಬ್ಬರೂ ನಿಮ್ಮಂಗ ಸೈಕಲ್ ಮ್ಯಾಲ ಇದ ದಾರಿ ಹಿಡಿದು ಕಾರಟಗಿ ತನಕ ಹೋಗೋರು. ಆಕಿ ಮುಂದ, ಇವ ಹಿಂದ. ಏನು ತುಳೀತಿದ್ಲ್ರೀ ಆಕಿ... ವೇಲ್ ಟೊಂಕಕ್ಕ ಕಟ್ಟಿಕೊಂಡು, ಗದ್ಯಾಗ ಸಸಿ ಹಚ್ಚೋ ಹೆಣ್ಮಕ್ಕಳನ್ನ ಹೆಸರು ಹಿಡಿದು ಮಾತಾಡಿಸಿಕೊಂತ, ನನ್ನ ಕಂಡರ ‘ಕಾಕಾ, ಆರಾಮ ಅದೀರೇನ್ರಿ?’ ಅಂತ ನಿಂತು ಕೇಳಿ ಹೋಗಾಕಿ.

ಆ ಐತವಾರ ಇದ ಅಂಗಡ್ಯಾಗ ಚಾ ಕುಡಿಯೂ ಮುಂದ ಯಾವನೋ ಚ್ಯಾಷ್ಟಿ ಮಾಡಿದ. ‘ಏನ್ರಿ ಮಾಸ್ತರ, ಹೇಣ್ತಿ ಬೆನ್ನ ನೋಡಿಕೊಂತ ಎಷ್ಟು ದಿನ ಬರ್ತೀರಿ?’ ಎಲ್ಲಾರೂ ನಕ್ಕರು. ನಾನೂ ನಕ್ಕೆ... ಸುಳ್ಳ ಯಾಕ ಹೇಳ್ಲಿ? ಅವನ ಮಾರಿ ಕಪ್ಪಾತು. ‘ನೀ ಮುಂದ ನಡಿ, ನಾ ಹಿಂದ ಬರ್ತೀನಿ’ ಅಂತ ಆಕಿನ್ನ ಕಳಿಸಿದ. ಆಕಿ ತಿರುವಿನಾಗ ಮರಿ ಆಗೂದ ತಡ, ಒಂದು ಲಾರಿಗೆ ಕೈ ಮಾಡಿ, ಸೈಕಲ್ ಮ್ಯಾಲ ಹಾಕಿ, ಗಂಗಾವತಿ ಕಡೆ ಹೊಂಟುಬಿಟ್ಟ. ಕಣ್ಣಾರೆ ನೋಡೀನ್ರಿ.

ಒಂದು ತಾಸು ಬಿಟ್ಟು ನಾ ತೂಬಿನ ಕಡೆ ಹೋದಾಗ ಆಕಿ ಸೇತುವಿ ಮ್ಯಾಲ ಒಬ್ಬಾಕಿನ ಕುಂತಿದ್ಲು. ಬಿಸಿಲು ನೆತ್ತಿ ಮ್ಯಾಲ. ‘ಕಾಕಾ, ಅವರು ಹಿಂದ ಬರಾಕತ್ಯಾರೇನ್ರಿ?’ ಅಂದ್ಲು. ಏನು ಹೇಳಬೇಕಿತ್ರಿ ನಾ? ನಿನ್ನ ಗಂಡ ನಿನ್ನ ಬಿಟ್ಟು ಹೋಗ್ಯಾನ ಅಂತ ಹೆಂಗ ಹೇಳ್ಲಿ? ‘ಬರಾಕತ್ಯಾನವ್ವ... ಪಂಚರ್ ಆಗೈತಿ, ನಡಕೊಂತ ಬರಾಕತ್ಯಾನ’ ಅಂದೆ. ‘ಅಯ್ಯ, ಪಂಪು ನನ್ನ ಕಡೆನ ಐತಲ್ರೀ!’ ಅಂತ ಸೈಕಲ್ ತಿರುವಿದ್ಲು. ತಡೀಬೇಕಿತ್ತು... ತಡೀಲಿಲ್ಲ. ಹಿಂದಿನ ದಿನದ ಮಳಿಗೆ ಏರಿ ಒಳಗ ಟೊಳ್ಳಾಗಿತ್ರಿ. ಹೋಗೂ ಮುಂದ ತಾಳಿತ್ತು, ಬರೂ ಮುಂದ ಕುಸೀತು. ಮೂರನೇ ದಿನ ತೂಬಿಗೆ ಏನೋ ಅಡ್ಡ ಬಂದೈತಿ ಅಂತ ಬಾಗಲಾ ಎತ್ತಿದಾಂವ ನಾನ...”

ಮುದುಕ ಕಂಬಳಿಯನ್ನು ಮೈಗೆ ಬಿಗಿಯಾಗಿ ಎಳೆದುಕೊಂಡ. ತಗಡಿನ ಮೇಲೆ ಮಳೆ ಬಡಿಯುತ್ತಿತ್ತು. ಬಾಷಾಬಿ ಒಲೆಯ ಕಡೆ ಮುಖ ತಿರುಗಿಸಿಕೊಂಡಳು.

“ಮಾಸ್ತರ ಊರು ಬಿಟ್ಟ. ಎಲ್ಲಿ ಅದಾನೋ ಯಾರಿಗೂ ಗೊತ್ತಿಲ್ಲ. ಆಕಿ ಮಾತ್ರ ಏರಿ ಬಿಡಲಿಲ್ರಿ. ರಾತ್ರಿ ಅಲ್ಲ, ನಟ್ಟನಡು ಮಧ್ಯಾಹ್ನ. ಸಸಿ ಹಚ್ಚೋರು ನೋಡ್ಯಾರ, ಸೈಕಲ್ ಮ್ಯಾಲ ಹೋಗೋರು ನೋಡ್ಯಾರ. ಬಾಜೂಕ ಬಂದು ಮೆತ್ತಗ ಕೇಳ್ತಾಳ, ‘ಅವರು ಹಿಂದ ಬರಾಕತ್ಯಾರೇನ್ರಿ?’ ಹೂಂ ಅಂದರ ತಿರುಗಿ ಹೋಗ್ತಾಳ. ಆರು ವರ್ಷ ನಾನೂ ಸೇತುವಿ ಮ್ಯಾಲ ಅದ ಸುಳ್ಳ ಹೇಳಿಕೊಂತ ಬಂದೆ. ಪ್ರತಿ ಸಲ ಆಕಿ ಮಾರಿ ಅರಳೂದು, ಸೈಕಲ್ ತಿರುವೂದು... ಆಮ್ಯಾಲ ನೀರಿನಾಗ ಬೀಳೂ ಸಪ್ಪಳ. ಒಬ್ಬ ಮನಷ್ಯಾ ಒಂದ ಜೀವಾ ಎಷ್ಟು ಸಲ ತೆಗೀಬೇಕ್ರಿ?

ಹೋದ ವರ್ಷ ತಡಕೊಳ್ಳಾಕ ಆಗಲಿಲ್ಲ. ‘ಇಲ್ಲವ್ವ, ಅವ ಬರೂದಿಲ್ಲ. ಲಾರಿ ಹತ್ತಿ ಹೋದ. ನಾ ಸುಳ್ಳ ಹೇಳಿದ್ದೆ’ ಅಂದುಬಿಟ್ಟೆ. ಅಳ್ತಾಳ, ಬೈತಾಳ, ಬಿಡುಗಡಿ ಆಕ್ಕೈತಿ ಅಂದುಕೊಂಡಿದ್ದೆ. ಅಳಲಿಲ್ರಿ. ನನ್ನ ಮಾರಿ ನೋಡಿದ್ಲು... ಭಾಳೊತ್ತು ನೋಡಿದ್ಲು. ‘ಹಂಗಾರ ನೀವ ಬರ್ರಿ, ಕಾಕಾ’ ಅಂದ್ಲು.”

“ನೀವೇನು ಮಾಡಿದ್ರಿ?” ನಮ್ಮಲ್ಲೊಬ್ಬ ಕೇಳಿದ.

“ಓಡಿ ಬಂದೆ. ಅವತ್ತಿಂದ ಆ ಕಡೆ ಕಾಲಿಟ್ಟಿಲ್ಲ. ಆದರ ಆಕಿ ಕಾಲುವಿಗೆ ನಿಲ್ಲಲಿಲ್ಲ. ಯುಗಾದಿ ಹೊತ್ತಿಗೆ ಊರ ಅಗಸಿ ಬಾಗಲಾ ತನಕ ಬಂದ್ಲು. ಕಾರಹುಣ್ಣಿವಿಗೆ ನಮ್ಮ ಓಣಿ. ನನ್ನೊಬ್ಬಂದ ಮನಿ ನೋಡ್ರಿ... ನಿನ್ನಿ ಮಧ್ಯಾಹ್ನ ಊಟಕ್ಕಂತ ಹೋದೆ. ನಿನ್ನಿ ಮಳಿ ಇರಲಿಲ್ಲ, ಚುರುಚುರು ಬಿಸಿಲು. ಕಟ್ಟಿ ಮ್ಯಾಲ ಹಸಿ ಹೆಜ್ಜಿ... ಕೆಸರಿನ ಹೆಜ್ಜಿ. ಒಳಗ ಹೋಗ್ಯಾವ, ಹೊರಗ ಬಂದಿಲ್ಲ. ಹೊಸ್ತಿಲಿಂದನ ತಿರುಗಿ ಬಂದೆ. ನಿನ್ನಿಯಿಂದ ಇಲ್ಲೇ ಕುಂತೀನ್ರಿ...”