ಬಿಚ್ಚದ ಮಷೀನು

ಸಿಂದಗಿ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಅಕ್ಕತಂಗಿಯರು ಕೂತಿದ್ದರು. ತಂಗಿಯನ್ನು ಕಾಲೇಜಿಗೆ ಕಳಿಸಲು ಬಂದ ಅಕ್ಕನ ತಲೆಗೆ ಬಾಣಂತಿಯ ಅರಿವೆ ಕಟ್ಟಿತ್ತು, ಮಡಿಲಲ್ಲಿ ಕೂಸಿರಲಿಲ್ಲ.

“ದವಾಖಾನ್ಯಾಗ ಕೂಸಿಗೆ ಕಾವು ಕೊಡೋ ಮಷೀನ್ ಬಂದ್ ಬಿದ್ದಾಗ ನೀ ಅಲ್ಲೇ ನಿಂತಿದ್ದೆಲ್ಲ ಕಾವೇರಿ. ನಿನಗ ರಿಪೇರಿ ಮಾಡಾಕ ಬರ್ತಿರ್ಲಿಲ್ಲೇನು?”

“ಇಲ್ಲಕ್ಕ.”

“ಬಯೋಮೆಡಿಕಲ್ ಇಂಜಿನಿಯರಿಂಗ್ ಕಡೀ ವರ್ಷ ಅಂತಿ. ಕಾಲೇಜಿನಾಗ ಅಂಥಾ ಮಷೀನ್ ಇಲ್ಲೇನು?”

“ಐತಿ. ಕೆಟ್ಟೀತಂತ ಬಿಚ್ಚಾಕ ಕೊಡಂಗಿಲ್ಲ. ವರ್ಷಾ ದಸರಾದಾಗ ಖಂಡೇಪೂಜಾಕ ಅದಕ್ಕ ಹೂ ಏರಿಸ್ತೇವಿ. ಪರೀಕ್ಷಾದಾಗ ಅದರ ಚಿತ್ರ ಬರದು ತೊಂಬತ್ತು ಮಾರ್ಕ್ಸ್ ತಗೊಂಡೇನಿ.”

ಅಕ್ಕ ತಲೆಯ ಅರಿವೆ ಬಿಗಿದುಕೊಂಡಳು.

“ನಾ ಕಾಲೇಜ್ ಬಿಡ್ತೇನಕ್ಕ.”

“ಹುಚ್ಚಿ! ಹೋಗಿ ನಿಮ್ಮ ಸರ್‌ಗೆ ಹೇಳು, ನಮ್ಮಕ್ಕನ ಕೂಸು ಹೋತು, ಮಷೀನ್ ಬಿಚ್ಚಿ ಕಲಿಸ್ರಿ ಅಂತ.”

“ಬೈದ್ರ?”

“ನನ್ನ ಮುಂದ ಬೈಲಿ.”

ಬಸ್ಸು ಬಂತು. ಅಕ್ಕ ತಂಗಿಯ ಚೀಲ ಎತ್ತಿಕೊಂಡು ಮೊದಲು ತಾನೇ ಹತ್ತಿದಳು.