ಸಬ್ಜಾ ಬೀಜದ ಲೋಳಿ

ಏಯ್, ಎದ್ದು ಎಲ್ಲಿಗೆ ಹೊಂಟಿ? ಕೂಡು! ಹಲಗಿ ಸಪ್ಪಳ ಕೇಳಿದ ಕೂಡಲೇ ಕಾಲು ನಿಲ್ಲಂಗಿಲ್ಲ ನಿನಗ. ಮೊದಲು ಇದನ್ನ ಕುಡಿ. ಸಬ್ಜಾ ಬೀಜ... ಮುಂಜಾನಿಂದ ನೆನದು ಹೆಂಗ ಲೋಳಿ ಬಿಟ್ಟಾವ ನೋಡು. ಜೇಷ್ಠಮಧು ತೇದು ಹಾಕೀನಿ. ಗುಲ್ಶನ್ ಬೇಗಂ ಅಕ್ಕ ಮೊಹರಂ ಶರಬತ್ತಿಗಂತ ತಂದಿದ್ದರಾಗ ಒಂದು ಮುಟಿಗಿ ತೆಗೆದು ಕೊಟ್ಟಾಳ. "ಹುಸೇನಪ್ಪನ ಗಂಟಲು ತಣ್ಣಗಾಗಲಿ. ಅವನ ಪದ ಇಲ್ಲಂದ್ರ ನಮ್ಮ ಅಲಾಯಿ ದೇವರು ಏಳಂಗಿಲ್ಲ" ಅಂದ್ಲು.

ಯಾಕ ನಗತಿ? ಖರೇನೇ ಅಂದ್ಲಪ್ಪ!

ಗುಟುಕು ಗುಟುಕು... ಹಾಂ. ಉರೀತದಾ? ಉರಿಯಂಗಿಲ್ಲ ತಗೋ, ಲೋಳಿ ಅದು, ಜಾರಿಕೊಂತ ಹೋಗ್ತದ... ಆಯ್ತು, ಆಯ್ತು, ಕಣ್ಣಾಗ ನೀರು ತರಬ್ಯಾಡ. ಇಡು ಅಲ್ಲಿ. ಆಮ್ಯಾಲ ಕುಡಿಯುವಂತಿ.

ಏನದು, ಕ್ಯಾಲೆಂಡರಿಗೆ ಬೆರಳು ತೋರಸ್ತಿ? ಗೊತ್ತದ ಬಿಡು. ಅಲಾಯಿ ದೇವರು ಕೂಡೋ ತನಕ ತುಟಿ ಬಿಚ್ಚಬ್ಯಾಡ ಅಂತ ರಾಯಚೂರು ಡಾಕ್ಟರು ಹೇಳಿದ್ದರು, ಇವತ್ತು ದೇವರು ಕುಂತಾವ. ಹಂಗಂತ ಇವತ್ತೇ ಬಾಯಿ ಬಿಡಬೇಕೇನು? ಮೊಹರಮಿನ ಖತ್ತಲ ರಾತ್ರಿ ಬರಲಿ, ಆವಾಗ ಹಾಡುವಂತಿ. ಆವಾಗೂ ಆಗಲಿಲ್ಲಂದ್ರ... ಬರೋ ವರ್ಷ ಮೊಹರಂ ಬರಂಗಿಲ್ಲೇನು?

ಹಂಗ್ಯಾಕ ನೋಡ್ತಿ? ನಿನ್ನ ಚಾ ಕುಡಿಯಾಕ ಹೊರಗ ಕಳಿಸಿ ಡಾಕ್ಟರು ನನ್ನ ಒಬ್ಬಾಕಿನ್ನ ಕುಂದ್ರಿಸಿಕೊಂಡಿದ್ದು ಗುಳಿಗಿ ಹೆಂಗ ನುಂಗಸಬೇಕಂತ ಹೇಳಾಕ! ದೊಡ್ಡ ಬ್ಯಾನಿ ಇದ್ದಿದ್ರ ನಾ ದೇವದುರ್ಗದ ಬಸ್ಸಿನ್ಯಾಗ ಶೇಂಗಾ ತಿನಕೊಂತ ಬರ್ತಿದ್ನೇನು?

ಮುಟಿಗಿ ಯಾಕ ಹಿಡದು ತೋರಸ್ತಿ? ಓ... ನೋಡಿದ್ದೇನು? ಹೌದು, ಶೇಂಗಾ ಮುಟಿಗ್ಯಾಗೇ ಉಳದಿದ್ದವು. ಊರು ಬರೋ ತನಕ ಒಂದೂ ಸುಲಿಲಿಲ್ಲ. ಹಸಿವಿರಲಿಲ್ಲಪ್ಪ!

...ಹೊರಗ ನಿಂತು ಒದರಬ್ಯಾಡ, ರಾಮಲಿಂಗಪ್ಪಣ್ಣ, ಬಂದ! ಪಟಗಾ ಸುತ್ತಿಕೊಳ್ಳಾಕತ್ತಾನ ನೋಡು!

ಸುತ್ತಿಕೋ ಮತ್ತ. ಈ ಗೆಜ್ಜಿ ನನ್ನ ಕೈಯಾಗ ಯಾಕ ಇಡ್ತಿ? ರಾಮಲಿಂಗಪ್ಪಗ ಕೊಡಬೇಕಾ? ಹುಚ್ಚು ಹಿಡದದೇನು ನಿನಗ! ಅಂವ ನಿನ್ನ ಹಿಂದ ಸೊಲ್ಲು ಹಿಡಿಯಾಂವ. ಮುಂದ ನಿಂತು ಹಾಡೋನ ಗೆಜ್ಜಿ ಇದು!

ಹೆಂಡ್ತಿ ಮ್ಯಾಲ ಸಿಟ್ಟಿದ್ರ ಬೈಯಿ. ಗಡುವು ಮುಗೀತಲ್ಲ, ಬೈಯಿ! "ಪಕೀರಿ" ಅಂತ ನನ್ನ ಹೆಸರು ಹಿಡದು ಒಂದು ಸಲ ಕರಿ ಸಾಕು... ಯಾಕ ಬಾಯಿ ತೆರಿವಲ್ಲಿ? ಬೇರೆ ಯಾರಾದ್ರೂ ಆಗಿದ್ರ ಇಷ್ಟೊತ್ತಿಗೆ ಧ್ವನಿ ಬಂತೋ ಇಲ್ಲೋ ಅಂತ ನೋಡೇ ನೋಡ್ತಿದ್ರು...

ನೀನೂ ಹಾಡಿ ನೋಡಿದೇನು?

ಎಲ್ಲಿ? ಹತ್ತಿ ಹೊಲದಾಗಾ?... ಬರಲಿಲ್ಲಾ? ಏನೂ?

ಮತ್ತ ಇಷ್ಟು ದಿನ ಯಾಕ ನನ್ನ ಮಾತು ಕೇಳಿಕೊಂಡು ಕುಂತಿ, ನನ್ನಪ್ಪಾ? ಡಾಕ್ಟರು ಸುಮ್ಮನಿರು ಅಂದೇ ಇಲ್ಲ. ನಾ ಕಟ್ಟಿದ ಮಾತದು. ಗಂಟಲಾಗಿನ ಗಡ್ಡಿ ಕೈಮೀರೇದ, ಧ್ವನಿ ಇನ್ನ ಬರಂಗಿಲ್ಲ, ಮುಂದ ನೀರು ಇಳಿಯೋದೂ ಕಷ್ಟ ಅಂದ್ರು... ನಿನಗ ತಿಳದ್ರ ಹೆಂಗ ತಡಕೋತಿ ಅಂತ ಅಂಜಿದೆ. ನೀನೂ ಹಂಗೇ... ನಾ ತಡಕೊಳ್ಳಂಗಿಲ್ಲಂತ ಅಂಜಿ ಸುಮ್ಮನಿದ್ದೇನು?

ಅಯ್ಯ, ಆ ಸಬ್ಜಾದ ವಾಟಗ ಯಾಕ ಎತ್ತಿದಿ? ಬ್ಯಾಡ, ಉರೀತದ... ನನ್ನ ಸಲುವಾಗಿ ಕುಡಿಬ್ಯಾಡ... ಬ್ಯಾಡೋ...

ರಾಮಲಿಂಗಪ್ಪಣ್ಣಾ! ಒಳಗ ಬಾ, ಗೆಜ್ಜಿ ಒಯ್ಯಿ. ನೀನೇ ಸುರು ಮಾಡು. ಅಂವ ಬರಂಗಿಲ್ಲ.